ಉಬ್ಬದ ಕಾಬ್ಲರ್

ಭಾನುವಾರ ಚರ್ಚಿನಿಂದ ಬಂದವಳೇ ವರ್ಡೆಲ್ ಟೋಪಿ ತೆಗೆದಿಟ್ಟು ಏಪ್ರನ್ ಕಟ್ಟಿಕೊಂಡಳು. ಜುಲೈ ತಿಂಗಳಲ್ಲಿ ಜಾರ್ಜಿಯಾದ ಯಾವ ಮನೆಯಲ್ಲೂ ಪೀಚ್ ಹಣ್ಣಿಗೆ ಬರವಿಲ್ಲ. ಬೇಡವೆಂದರೂ ಪಕ್ಕದ ಮನೆಯವರು ಜಗಲಿಯಲ್ಲಿ ಒಂದು ಬುಟ್ಟಿ ಇಟ್ಟು ಓಡಿಹೋಗುತ್ತಾರೆ. ಹಣ್ಣಿನ ಸಿಪ್ಪೆ ಸುಲಿದು, ಹೋಳು ಮಾಡಿ, ಸಕ್ಕರೆ ಬೆರೆಸಿ ಓವನ್ನಿನಲ್ಲಿ ಕೊತಕೊತ ಕುದಿಯಲು ಬಿಟ್ಟಳು. ಹಣ್ಣು ಕುದಿಯುವ ಮೊದಲೇ ಮೇಲೆ ಹಿಟ್ಟು ಸುರಿಯುವ ಆತುರಗೆಟ್ಟವರನ್ನು ಕಂಡರೆ ಅವಳಿಗೆ ಆಗದು. ಹಾಗೆ ಮಾಡಿದರೆ ಮೇಲಿನ ಹಿಟ್ಟಿನ ಅಡಿ ಹಸಿಹಸಿ ಉಳಿಯುತ್ತದೆ. ಆಮೇಲೆ ಡಬ್ಬಿಯ ಹಿಟ್ಟಿಗೆ ತಣ್ಣನೆಯ ಬೆಣ್ಣೆ ಉಜ್ಜಿ, ಮಜ್ಜಿಗೆ ಹಾಕಿ, ಕೈಗೆ ಅಂಟುವಷ್ಟು ಸಡಿಲವಾಗಿ ಕಲಸಿ, ಹಣ್ಣಿನ ಮೇಲೆ ಚಮಚದಿಂದ ಮುದ್ದೆ ಮುದ್ದೆಯಾಗಿ ಬಿಟ್ಟು, ಮತ್ತೆ ಓವನ್ನಿಗೆ ತಳ್ಳಿದಳು. ಇವೇ ಉಬ್ಬಿ, ಒಂದಕ್ಕೊಂದು ತಾಗಿ, ಮೇಲೆ ಗರಿಗರಿ ಒಳಗೆ ಮೆತ್ತಗಿನ ಬಿಸ್ಕೆಟ್ ಆದರೇ ಅದು ಕಾಬ್ಲರ್. ಅಳತೆ ಗಿಳತೆ ಏನೂ ಇಲ್ಲ, ಮದುವೆಯಾದಾಗಿನಿಂದ ಎಲ್ಲವನ್ನೂ ಕೈಯೇ ನೋಡಿಕೊಂಡಿದೆ.

ಆದರೆ ಈಚೆಗೆ ಆ ಕೈಯ ಮೇಲೆ ಅವಳಿಗೇ ಗುಮಾನಿ. ಅಕ್ಕ ಐಲಾಳಿಗೆ ಮರೆವು ಹತ್ತಿದ್ದು ಅಡುಗೆಮನೆಯಿಂದಲೇ. ಒಂದು ಈಸ್ಟರ್ ಹಬ್ಬದಲ್ಲಿ ಅವಳ ಕಾಬ್ಲರ್ ಕಲ್ಲಾಗಿತ್ತು, ಎಲ್ಲರೂ ನಕ್ಕಿದ್ದರು. ಮರುವರ್ಷ ಐಲಾ ಒಡಹುಟ್ಟಿದ ತಂಗಿಯನ್ನೇ ನೀನು ಯಾರೆಂದು ಕೇಳಿದಳು. ಈಗ ವರ್ಡೆಲ್‌ಗೆ ಕನ್ನಡಕ ಎಲ್ಲಿಟ್ಟೆನೆಂದು ನೆನಪಾಗದಿದ್ದರೂ ಅಕ್ಕನೇ ಕಣ್ಮುಂದೆ ಬರುತ್ತಾಳೆ. ಈ ಭಯವನ್ನು ಅವಳು ಯಾರೊಡನೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಊಟಕ್ಕೆ ಮಗ ಟ್ರೂಯಟ್ ಮತ್ತು ಅವನ ಹೊಸ ಹೆಂಡತಿ ಬ್ರಿಟಾ ಕೂತಿದ್ದರು. ಬ್ರಿಟಾ ದೂರದ ಉತ್ತರದ ತುದಿಯ ಮಿನ್ನೆಸೋಟಾದ ಹುಡುಗಿ. ರಜೆಗೆಂದು ಅತ್ತೆಯ ಮನೆಗೆ ಬಂದು ಇನ್ನೂ ವಾರವಾಗಿರಲಿಲ್ಲ. ಕರಿದ ಕೋಳಿ ಮುಗಿದ ಮೇಲೆ ವರ್ಡೆಲ್ ಓವನ್ ಬಾಗಿಲು ತೆಗೆದಳು. ರಸದ ಮೇಲೆ ಬಿಳಿಚಿದ ಚಪ್ಪಟೆ ಬಿಲ್ಲೆಗಳು ತೇಲುತ್ತಿದ್ದವು.

ಟ್ರೂಯಟ್ ಇಣುಕಿದ. "ಇದೇನಮ್ಮಾ, ಕೆರೇಲಿದ್ದ ಆಮೆಗಳನ್ನೆಲ್ಲ ಹಿಡ್ಕೊಂಡ್ ಬಂದ್ಬಿಟ್ಯಾ?"

ವರ್ಡೆಲ್ ನಗಲಿಲ್ಲ. ಪಾತ್ರೆಯನ್ನು ಮೇಜಿನ ಮೇಲಿಟ್ಟು ಕೂತಳು. "ಐಲಾನ ತೋರಿಸ್ತಿದ್ವಲ್ಲ, ಆ ಡಾಕ್ಟ್ರ ಹತ್ರ ನಾಳೆ ನನ್ನೂ ಕರ್ಕೊಂಡ್ಹೋಗಪ್ಪ."

"ಒಂದು ಕಾಬ್ಲರ್ ಕೆಟ್ಟಿದ್ದಕ್ಕಾ?"

"ಅವಳದ್ದೂ ಮೊದಲು ಕೆಟ್ಟಿದ್ದು ಒಂದೇ."

ಬಿಲ್ಲೆಯೊಂದನ್ನು ಚಮಚದಿಂದ ಕುಟ್ಟುತ್ತಿದ್ದ ಬ್ರಿಟಾಳ ಮುಖ ಕೆಂಪಗಾಯಿತು. "ಅತ್ತೆ, ಹಿಟ್ಟು ಆ ನೀಲಿ ಡಬ್ಬೀದಾ?"

"ಇನ್ಯಾವುದಿದೆ?"

"ಅದರ ತಳ ಕಾಣ್ತಿತ್ತು. ನಿನ್ನೆ ನಾನೇ ತಂದು ತುಂಬಿಸ್ದೆ. ನಿಮಗೆ ಹೇಳೋದು ಮರ್ತೋಯ್ತು."

"ಎಂಥಾ ಹಿಟ್ಟು ತಂದೆ?"

"ಹಿಟ್ಟು ಅಷ್ಟೇ. ಹಿಟ್ಟಲ್ಲಿ ಇನ್ನೇನಿರುತ್ತೆ?"

ಪಾಪ, ಉತ್ತರದವಳಿಗೆ ಏನು ಗೊತ್ತು? ಈ ಸೀಮೆಯ ಡಬ್ಬಿಗಳಲ್ಲಿ ಇರುವುದು ಸೋಡಾ, ಉಪ್ಪು ಮೊದಲೇ ಬೆರೆತ, ತಾನಾಗಿ ಉಬ್ಬುವ ಹಿಟ್ಟು. ಅದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ತನ್ನ ಡಬ್ಬಿಗೆ ಬರಿಯ ಹಿಟ್ಟು ಬಂದೀತೆಂದು ವರ್ಡೆಲ್‌ಗೆ ಹೊಳೆದೂ ಇರಲಿಲ್ಲ.

ಅವಳು ಎದ್ದ ರಭಸಕ್ಕೆ ಕುರ್ಚಿ ಉರುಳಿತು. ಡಬ್ಬಿ ತೆರೆದು ಒಂದು ಚಿಟಿಕೆ ಹಿಟ್ಟನ್ನು ನಾಲಿಗೆಯ ಮೇಲಿಟ್ಟಳು. ಇನ್ನೊಂದು ಚಿಟಿಕೆ ಇಟ್ಟಳು. ಉಪ್ಪಿನ ಸುಳಿವೇ ಇಲ್ಲ.

"ಸಪ್ಪೆ ಕಣೋ ಟ್ರೂಯಟ್!" ಲಾಟರಿ ಹೊಡೆದವಳಂತೆ ಕೂಗಿದಳು. "ಬರೀ ಸಪ್ಪೆ!"

"ತಪ್ಪಾಯ್ತು ಅತ್ತೆ, ಅಷ್ಟು ಒಳ್ಳೆ ಹಣ್ಣು ಹಾಳು ಮಾಡ್ಬಿಟ್ಟೆ."

"ಹಣ್ಣಿನ ಮನೆ ಹಾಳಾಗ್ಲಿ! ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣೆ ತಾಯಿ!" ವರ್ಡೆಲ್ ಹಿಟ್ಟಿನ ಕೈಯಲ್ಲೇ ಸೊಸೆಯನ್ನು ತಬ್ಬಿಕೊಂಡಳು. ಬ್ರಿಟಾಳ ನೀಲಿ ಅಂಗಿಯ ಬೆನ್ನ ಮೇಲೆ ಎರಡು ಬಿಳಿ ಅಂಗೈ ಮೂಡಿದವು. ಟ್ರೂಯಟ್ ಕುರ್ಚಿ ಎತ್ತಿ ನಿಲ್ಲಿಸಿ, ಬಿಲ್ಲೆಗಳನ್ನು ಪಕ್ಕಕ್ಕೆ ತಳ್ಳಿ, ಬಿಸಿ ಹಣ್ಣನ್ನಷ್ಟೇ ಐಸ್‌ಕ್ರೀಮಿನ ಮೇಲೆ ಸುರಿದು ಮೂವರಿಗೂ ಬಡಿಸಿದ. ಚೆನ್ನಾಗಿಯೇ ಇತ್ತು. ವರ್ಡೆಲ್ ಎರಡು ತುತ್ತು ತಿಂದಳು, ಆಮೆಗಳನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುನಗುತ್ತಲೇ ಅವಳಿಗೆ ಅಳು ಬಂದುಬಿಟ್ಟಿತು.

ಬ್ರಿಟಾ ಗಾಬರಿಯಾದಳು. "ಮತ್ಯಾಕೆ ಅಳ್ತೀರಿ ಅತ್ತೆ? ತಪ್ಪು ನಿಮ್ದಲ್ವಲ್ಲ."

ವರ್ಡೆಲ್ ಏಪ್ರನ್ ತುದಿಯಿಂದ ಕಣ್ಣೊರೆಸಿಕೊಂಡಳು.

"ಆವತ್ತು ಎಲ್ಲರೂ ನಗ್ತಿದ್ದಾಗ ನಾನು ಅಕ್ಕನ ಡಬ್ಬೀನೂ ತೆಗೆದು ಹೀಗೇ ನಾಲಿಗೆ ಮೇಲಿಟ್ಟು ನೋಡಿದ್ದೆ ಕಣೆ," ಎಂದಳು. "ಅವಳ ಹಿಟ್ಟು ಸರಿಯಾಗೇ ಇತ್ತು."