ಮೇವು ಮುಟ್ಟದ ಕೋಳಿಗಳು

ಶಿವಾಜಿನಗರದಲ್ಲಿ ಕೋಳಿ ಅಂಗಡಿ ಇಟ್ಟಿದ್ದ ಗಯಾಜ್, ಈ ಸಲ ತಾನೇ ಕೋಳಿ ಸಾಕಿ ಮಾರುವುದೆಂದು ಕೆ.ಆರ್. ಪುರದಾಚೆ ಆಂಜನಮ್ಮನ ಜಾಗದಲ್ಲಿ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದ. ಮರಿಗಳನ್ನು ನೋಡಿಕೊಳ್ಳುವ ಕೆಲಸ ಹೆಂಡತಿ ನೂರುನ್ನೀಸಾಳದು. ಬೆಳಿಗ್ಗೆ ಬಸ್ಸಿಳಿದು ಬರುತ್ತಿದ್ದ ಆಕೆಗೆ ಆಂಜನಮ್ಮನ ಮನೆಯ ಕಾಫಿ ಬಲುಬೇಗ ರೂಢಿಯಾಯಿತು.

ಸುಮ್ಮಸುಮ್ಮನೆ ಔಷಧಿ ಸುರಿಯದೆ ಕೋಳಿ ಬೆಳೆಸಬೇಕೆಂಬ ಆಸೆ ಹೆಂಗಸರಿಬ್ಬರಿಗೂ ಇತ್ತು. ಆದರೆ ನೂರುನ್ನೀಸಾಳ ನಂಬಿಕೆಯೆಲ್ಲ ಕಲೋಂಜಿಯ ಮೇಲೆ, ಅಂದರೆ ಕರಿಜೀರಿಗೆಯ ಮೇಲೆ. ಆಂಜನಮ್ಮ ಬೆಳ್ಳುಳ್ಳಿ ಬಿಟ್ಟರೆ ಬೇರೇನನ್ನೂ ಒಪ್ಪುವವಳಲ್ಲ.

"ನಿಮ್ ಕೋಳಿ, ನಿಮ್ಮಿಷ್ಟ ಕಣಮ್ಮ," ಎಂದಳು ಕೊನೆಗೆ. ಅದರಲ್ಲಿದ್ದ ಮುನಿಸು ನೂರುನ್ನೀಸಾಗೆ ತಿಳಿಯಿತು. ಆದರೂ ಕಲೋಂಜಿ ಪುಡಿಯನ್ನೇ ಮೇವಿಗೆ ಬೆರೆಸಿದಳು.

ಮರಿಗಳು ಚುರುಕಾಗಿ ಬೆಳೆದವು. ಒಂದು ಬೆಳಿಗ್ಗೆ ನೋಡಿದರೆ ಮೇವಿನ ತಟ್ಟೆಗಳೆಲ್ಲ ಹಾಗೇ ತುಂಬಿವೆ. ಕೋಳಿಗಳು ಹತ್ತಿರ ಬಂದು, ಒಮ್ಮೆ ಕುಕ್ಕಿ, ಕತ್ತು ಕೊಡವಿ ಹಿಂದೆ ಸರಿಯುತ್ತಿದ್ದವು. ರೋಗವೇ ಬಡಿಯಿತೆಂದು ಹೆದರಿದ ನೂರುನ್ನೀಸಾ ಪಶುವೈದ್ಯೆ ರಮ್ಯಶ್ರೀಗೆ ಫೋನ್ ಮಾಡಿದಳು.

ರಮ್ಯಶ್ರೀ ಬಂದು ಕೋಳಿಗಳ ಕಣ್ಣು, ಹಿಕ್ಕೆ ಎಲ್ಲ ನೋಡಿದಳು. ಆಮೇಲೆ ಒಂದು ಹಿಡಿ ಮೇವು ಮೂಸಿದಳು.

"ಇದಕ್ಕೇನು ಹಾಕಿದೀರ?"

"ಕಲೋಂಜಿ ಒಂದೇ, ಮೇಡಂ."

"ಬೆಳ್ಳುಳ್ಳಿ ವಾಸ್ನೆ ಮೂಗಿಗೆ ಹೊಡೀತಿದೆಯಲ್ರೀ!"

ಬಾಗಿಲಲ್ಲಿ ನಿಂತಿದ್ದ ಆಂಜನಮ್ಮ ಸೆರಗನ್ನು ಬಾಯಿಗೆ ಹಿಡಿದಳು. "ನೀನು ಮನೆಗೆ ಹೋದ್ಮೇಲೆ ನಾನೇ ಒಂಚೂರು ಬೆರೆಸ್ತಿದ್ದೆ ನೂರಮ್ಮ. ನಿನ್ನೆ ಕೈ ಜಾಸ್ತಿ ಆಗೋಯ್ತು."

ನೂರುನ್ನೀಸಾಗೆ ಸಿಟ್ಟು ಬರಬೇಕಿತ್ತು, ಬಂದದ್ದು ನಗು. "ಅಕ್ಕಾ, ನಿನ್ನೆ ನಾನೂ ಕಲೋಂಜಿ ಜಾಸ್ತಿ ಸುರಿದ್ಬಿಟ್ಟೆ. ನಿಮ್ಮ ಮುಂದೆ ನಂದೇ ಗೆಲ್ಬೇಕು ಅಂತ!"

"ಎರಡೂ ಇರ್ಲಿ, ಸ್ವಲ್ಪ ಸ್ವಲ್ಪ," ಎಂದು ರಮ್ಯಶ್ರೀಯೂ ನಕ್ಕಳು. "ಆದ್ರೆ ನೆಲಕ್ಕೆ ಹಾಸಿರೋ ಹೊಟ್ಟು ಒಣಗಿರ್ಬೇಕು, ನೀರು ಚೊಕ್ಕವಾಗಿರ್ಬೇಕು. ಅದಿಲ್ದಿದ್ರೆ ಯಾವ ಪುಡೀನೂ ಕೈ ಹಿಡಿಯಲ್ಲ."

ಹಳೆಯ ಮೇವು ತೆಗೆದು ಹೊಸದು ಸುರಿದದ್ದೇ ತಡ, ಕೋಳಿಗಳು ಒಂದರ ಮೇಲೊಂದು ಬಿದ್ದು ತಿಂದವು. ಅಂದಿನಿಂದ ಇಬ್ಬರೂ ಕಾಫಿ ಕುಡಿಯುತ್ತ ಜೊತೆಗೇ ಮೇವು ಬೆರೆಸತೊಡಗಿದರು.

ಕೋಳಿಗಳು ಮಾರಾಟಕ್ಕೆ ಬಲಿತವು. ಗಯಾಜ್ ಗಾಡಿ ತಂದ ದಿನ ಒಂದೊಂದನ್ನೂ ಎತ್ತಿ ನೋಡಿ, "ಎಷ್ಟು ಗಟ್ಟಿಮುಟ್ಟಾಗಿವೆ!" ಎಂದು ಹಿಗ್ಗಿದ. ಆಂಜನಮ್ಮ ಮಾತ್ರ ಹೊರಗೆ ಬರಲಿಲ್ಲ. ನೂರುನ್ನೀಸಾ ಒಳಗೆ ಹೋಗಿ ಅವಳ ಪಕ್ಕ ಕೂತಳು.

"ಹೊಸ ಮರಿ ಸೋಮವಾರ ಬರ್ತವಂತೆ, ಅಕ್ಕ."

ಆಂಜನಮ್ಮ ಮೂಗೊರೆಸಿಕೊಂಡು ಎದ್ದಳು. "ಹಂಗಾದ್ರೆ ಏಳು, ಶೆಡ್ ಗುಡಿಸೋಣ."