ದೊರೆಯ ಕಾಲಿನ ದಾರ

"ಹೇಳು," ಅಂದ ಅಪ್ಪ.

ಗುಬ್ಬಿ ಹುಂಜವನ್ನು ನೋಡಲಿಲ್ಲ, ಅಪ್ಪನ ಮುಖ ನೋಡಿದಳು. ಕಿಟಕಿಯ ಪಕ್ಕ ಮುಕ್ಕಾಲಿ ಹಾಕಿಕೊಂಡು ಕೂತಿದ್ದ ಅವನು ಹುಂಜವನ್ನು ಎಡಗೈ ಮೇಲೆ ಮಲಗಿಸಿಕೊಂಡು, ಬಲಗೈಯಿಂದ ಅದರ ರೆಕ್ಕೆಯನ್ನು ಬೀಸಣಿಗೆಯ ಹಾಗೆ ಬಿಡಿಸಿ ಬೆಳಕಿಗೆ ಹಿಡಿದಿದ್ದ. ಹುಬ್ಬು ತುಸು ಮೇಲೇರಿತ್ತು. ರೆಕ್ಕೆ ಬಿಟ್ಟು ಹೆಬ್ಬೆರಳು ಈಗ ಜುಟ್ಟಿನ ಬುಡಕ್ಕೆ ಹೋಗಿ ಅಲ್ಲೇ ಮೆಲ್ಲಗೆ ಸುತ್ತುತ್ತಿತ್ತು. ಜುಟ್ಟು ಹೂಕೋಸಿನ ಹಾಗೆ ತುಂಬಿಕೊಂಡಿತ್ತು. ಅಪ್ಪನಿಗೆ ಇದು ಹಿಡಿಸಿದೆ ಎಂದು ತಿಳಿಯಲು ಅವಳಿಗೆ ಇನ್ನೇನೂ ಬೇಕಿರಲಿಲ್ಲ.

"ಚೆನ್ನಾಗಿದೆ," ಅಂದಳು.

"ತುಕ್ಕು?"

ಕೇಳುವಾಗಲೂ ಹುಬ್ಬು ಇಳಿಯಲಿಲ್ಲ.

"ಇಲ್ಲ."

ಅಪ್ಪ ಉಸಿರು ಬಿಟ್ಟು ತಲೆಯಾಡಿಸಿದ. ಪಕ್ಕದ ಡಬ್ಬಿಗೆ ಕೈ ಹಾಕಿ ಒಂದು ಕೆಂಪು ದಾರ ತೆಗೆದು ಹುಂಜದ ಕಾಲಿಗೆ ಕಟ್ಟಿದ. ಉಳಿಯುವ ಕೋಳಿಗೆ ಕೆಂಪು ದಾರ, ಮಾಂಸದಂಗಡಿಗೆ ಹೋಗುವುದಕ್ಕೆ ಹಸಿರು. ಗುಬ್ಬಿ ಹುಟ್ಟುವುದಕ್ಕೂ ಮೊದಲಿಂದ ಆ ಮನೆಯಲ್ಲಿ ಹಾಗೇ.

ಅವರ ಮನೆಯ ಕೋಳಿ ಬೇರೆಯವರ ಮನೆಯ ಕೋಳಿಯಂತಲ್ಲ. ಮೈಯೆಲ್ಲ ಜೇನಿನ ಬಣ್ಣ. ಪ್ರತಿ ಗರಿಯ ಅಂಚಿಗೂ ಯಾರೋ ಕೂತು ಎಳೆದ ಹಾಗೆ ಬಿಳಿಯ ಗೆರೆ. ಜುಟ್ಟುಕೋಳಿ ಸಾಕುವವರು ಹಲವರಿದ್ದರು, ಕರಿಯದು, ಬಿಳಿಯದು, ಬೂದಿಯದು. ಈ ಬಣ್ಣ ಮಾತ್ರ ಸುತ್ತಮುತ್ತ ಎಲ್ಲೂ ಇರಲಿಲ್ಲ. ಇದರ ಶತ್ರು ಒಂದೇ, ಹೆಗಲ ಮೇಲೆ ಇಣುಕುವ ಕೆಂಪು. ಅದಕ್ಕೆ ಮನೆಯಲ್ಲಿ ತುಕ್ಕು ಅನ್ನುತ್ತಿದ್ದರು. ತುಕ್ಕಿನ ಒಂದು ಹುಂಜ ತಪ್ಪಿ ಉಳಿದರೂ ಮುಂದಿನ ಮರಿಗಳಿಗೆ ಅದು ಹರಡುತ್ತದೆ, ಆಮೇಲೆ ತೊಳೆಯುವುದಕ್ಕೆ ಆಗುವುದಿಲ್ಲ. ಎಲ್ಲೆಲ್ಲಿಂದಲೋ ಜನ ಬಂದು ಅಪ್ಪನ ಕೋಳಿ ನೋಡಿ ಬೆರಗಾಗಿ ಹೋಗುತ್ತಿದ್ದರು. ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ, ಎಲ್ಲರಿಗೂ ಅವನು ಬಣ್ಣದಪ್ಪ.

ಮುಂಚೆ ಈ ಕಿಟಕಿಯ ಬಳಿ ನಿಲ್ಲುತ್ತಿದ್ದವಳು ಅಮ್ಮ. ಅಪ್ಪ ಹೀಗೇ "ಹೇಳು" ಅನ್ನುತ್ತಿದ್ದ. ಅಮ್ಮ ಕೈಯಲ್ಲಿದ್ದ ಕೆಲಸ ಬಿಡದೆ ಒಮ್ಮೆ ಕಣ್ಣು ಹಾಯಿಸಿ "ಬೇಡ" ಅಂದುಬಿಡುತ್ತಿದ್ದಳು. "ಇರಲಿ" ಅನ್ನುತ್ತಿದ್ದುದು ಅಪರೂಪ. ಗಂಡ ಹೆಂಡತಿಯನ್ನು ಆಟಕ್ಕೆ ಪರೀಕ್ಷೆ ಮಾಡುತ್ತಿದ್ದಾನೆ ಎಂದುಕೊಂಡು ಗುಬ್ಬಿ ಬಾಗಿಲ ಮರೆಯಲ್ಲಿ ನಗುತ್ತಿದ್ದಳು. ಅಮ್ಮ ತೀರಿಹೋದ ಮೇಲೆ ಆ ಪರೀಕ್ಷೆ ಅವಳ ಪಾಲಿಗೆ ಬಂತು. ಪರೀಕ್ಷೆ ಅಂದರೆ ಅವಳಿಗೆ ಮೊದಲಿಂದಲೂ ಭಯ. ಶಾಲೆಯಲ್ಲಿ ಮೇಷ್ಟರ ಮುಖ ಓದಿ ಉತ್ತರ ಹೇಳುತ್ತಿದ್ದಳು. ಮುಂದಿನ ತರಗತಿಯಲ್ಲಿ ಬಂದ ಮೇಷ್ಟರು ಬೋರ್ಡಿನ ಕಡೆ ತಿರುಗಿಕೊಂಡು ಪ್ರಶ್ನೆ ಕೇಳುವವರು. ಅವರ ಬೆನ್ನಿನಲ್ಲಿ ಓದುವುದಕ್ಕೆ ಏನೂ ಇರಲಿಲ್ಲ. ಅಲ್ಲಿಗೆ ಅವಳ ಶಾಲೆ ಮುಗಿಯಿತು.

ಅವಳು ಬಾಯಿ ತುಂಬ ಮಾತಾಡುತ್ತಿದ್ದುದು ಕೋಳಿಗಳ ಜೊತೆ ಮಾತ್ರ. ಅದೂ ಬೇರೆ ದಾರಿಯಿಲ್ಲದೆ. ಜುಟ್ಟು ಕಣ್ಣಿಗೆ ಅಡ್ಡ ಬೀಳುವುದರಿಂದ ಅವಕ್ಕೆ ಮೇಲಿನಿಂದ, ಹಿಂದಿನಿಂದ ಬರುವವರು ಕಾಣುವುದಿಲ್ಲ. ಸದ್ದು ಮಾಡದೆ ಕೈ ಹಾಕಿದರೆ ಹೆದರಿ ಗೋಡೆಗೆ ಹಾರಿ ತಲೆ ಬಡಿದುಕೊಳ್ಳುತ್ತವೆ. ಆ ಜುಟ್ಟಿನ ಕೆಳಗಿನ ಬುರುಡೆಯೋ ಮೊಟ್ಟೆಯಷ್ಟೇ ಗಟ್ಟಿ. ಅದಕ್ಕೇ ಗೂಡಿನ ಒಳಗೆ ಕಾಲಿಡುವ ಮುಂಚೆ "ಬಂದೆ, ಬಂದೆ" ಅನ್ನಬೇಕು ಎಂದು ಅಮ್ಮ ಕಲಿಸಿದ್ದಳು.

"ದೊರೆಯನ್ನ ತಾ," ಅಂದ ಅಪ್ಪ. "ಅವನ ದಾರ ಹಳೇದಾಗಿದೆ."

ದೊರೆ ಅಮ್ಮ ಆರಿಸಿದ ಕೊನೆಯ ಹುಂಜ. ಇನ್ನೂ ಮರಿಯಾಗಿದ್ದಾಗಲೇ ಅಂಗೈಲಿ ಎತ್ತಿಕೊಂಡು "ಇವನನ್ನ ಮಾತ್ರ ಕೈ ಬಿಡಬೇಡಿ" ಅಂದಿದ್ದಳು. ಹಳೆಯ ಹುಂಜ ಸತ್ತಿತ್ತು, ಮುಂದಿನ ಮರಿಗಳಿಗೆಲ್ಲ ಇವನೇ ತಂದೆಯಾಗಬೇಕಿತ್ತು. ಅಪ್ಪ ಇವನ ವಿಷಯದಲ್ಲಿ "ಹೇಳು" ಅನ್ನಲಿಲ್ಲ. ನವೆದುಹೋದ ಕೆಂಪು ದಾರವನ್ನು ಹಲ್ಲಿನಿಂದ ಕಡಿದು ಬಿಸಾಕಿ, ಡಬ್ಬಿಯಿಂದ ಹೊಸದೊಂದು ತೆಗೆದು ಬಿಗಿಯಾಗಿ ಗಂಟು ಹಾಕಿದ.

ಹಸಿರು ದಾರ.

ಗುಬ್ಬಿಯ ಬಾಯಿ ತೆರೆಯಿತು. ಅಪ್ಪನ ಮುಖ ನೋಡಿದಳು. ಅದರಲ್ಲಿ ಗಾಬರಿಯಿಲ್ಲ, ಬೇಸರವಿಲ್ಲ, ಕೆಲಸ ಸರಿಯಾಗಿ ಮುಗಿಸಿದವನ ನೆಮ್ಮದಿಯಿತ್ತು. ಏನೋ ಯೋಚನೆ ಮಾಡಿಯೇ ಕಟ್ಟಿರುತ್ತಾನೆ, ಬಣ್ಣದಪ್ಪನಿಗೆ ನಾನು ಹೇಳಿಕೊಡುವುದೇ ಅಂದುಕೊಂಡಳು. ತೆರೆದ ಬಾಯಿ ಮುಚ್ಚಿಕೊಂಡಿತು.

ಮರುದಿನ ಬೆಳಗ್ಗೆ ಮಾಂಸದಂಗಡಿಯವನು ಬುಟ್ಟಿ ತಂದು, ದಾರ ನೋಡಿ ನೋಡಿ ಕೋಳಿ ತುಂಬಿಕೊಂಡು ಹೋದ. ಗುಬ್ಬಿಯೇ ಒಂದೊಂದನ್ನೂ ಹಿಡಿದು ಕೊಟ್ಟಳು. ದೊರೆಯನ್ನು ಕೊಡುವಾಗ ಕೈ ಒಂದು ಗಳಿಗೆ ತಡೆಯಿತು. ಅಂಗಡಿಯವನು "ಕೊಡಮ್ಮ, ಒಳ್ಳೇ ಭಾರ ಇದ್ದಾನೆ" ಅಂದ. ಕೊಟ್ಟಳು.

ಅಪ್ಪ ಗೂಡಿಗೆ ಹೋಗಿ ಬಂದದ್ದು ತಿಂಡಿ ಆದ ಮೇಲೆ.

"ದೊರೆ ಎಲ್ಲಿ?"

"ಹೋದ," ಅಂದಳು ಗುಬ್ಬಿ.

"ಹೋದ ಅಂದ್ರೆ? ಎಲ್ಲಿಗೆ ಹೋದ, ಪೇಟೆಗೆ?"

"ಕಾಲಿಗೆ ಹಸಿರು ದಾರ ಇತ್ತಲ್ಲ, ಅಪ್ಪ."

"ಯಾವ ಹಸಿರು? ಕೆಂಪು ಕಟ್ಟಿದೀನಿ ಕಣೇ, ನಿನ್ನ ಕಣ್ಣೆದುರಿಗೇ ಕಟ್ಟಿದೀನಿ!"

ಕೂಗು ಕೇಳಿ ಅಡುಗೆಮನೆಯಿಂದ ಅತ್ತೆ ಬಂದಳು. ಅಪ್ಪನ ಅಕ್ಕ ಅವಳು. ಅಮ್ಮ ಹೋದ ಮೇಲೆ ಮನೆ ನೋಡಿಕೊಳ್ಳಲು ಬಂದು ನಿಂತವಳು, ಬಂದ ದಿನದಿಂದ ತೊಳೆಯುವುದು, ಉಜ್ಜುವುದು, ಹಳೆಯದನ್ನು ಎಸೆಯುವುದು ಬಿಟ್ಟು ಅವಳಿಗೆ ಬೇರೆ ಸಂತೋಷವಿರಲಿಲ್ಲ.

ಅಪ್ಪ ಕಿಟಕಿಯ ಹಲಗೆಯಿಂದ ಡಬ್ಬಿ ಎತ್ತಿಕೊಂಡ. "ದುಂಡು ಡಬ್ಬಿ ಕೆಂಪಿಗೆ, ಚೌಕದ ಡಬ್ಬಿ ಹಸಿರಿಗೆ. ಅವಳಿದ್ದಾಗಿಂದ ಹಂಗೇ. ನಾನು ದುಂಡು ಡಬ್ಬಿಯಿಂದಾನೇ ತೆಗೆದಿದ್ದು."

"ಚೌಕದ ಡಬ್ಬಿ ತಳ ತೂತು ಬಿದ್ದಿತ್ತಲ್ಲೋ," ಅಂದಳು ಅತ್ತೆ. "ನಿನ್ನೆ ಬೆಳಗ್ಗೆ ಎಲ್ಲಾ ಒಂದರಲ್ಲೇ ಸುರಿದು ಅದನ್ನ ಎಸೆದೆ. ದಾರಕ್ಕೆ ಎರಡೆರಡು ಅರಮನೆ ಯಾಕೆ?"

ಅಪ್ಪ ಡಬ್ಬಿಯೊಳಗೆ ನೋಡಿದ. ಬೆರಳಾಡಿಸಿದ. ಒಂದು ದಾರ ಎಳೆದು ಗುಬ್ಬಿಯ ಮುಂದೆ ಹಿಡಿದ.

"ಇದು ಕೆಂಪು ತಾನೇ?"

ಅದು ಎಳೆಯ ಹುಲ್ಲಿನಷ್ಟು ಹಸಿರಾಗಿತ್ತು.

ಗುಬ್ಬಿ ಅಪ್ಪನ ಮುಖ ಓದಲು ನೋಡಿದಳು. ಆ ಮುಖ ಅವಳ ಮುಖವನ್ನೇ ಓದುತ್ತಿತ್ತು. ಹುಬ್ಬು ಮೇಲೇರಿಸಿಕೊಂಡು ಅವನು ಅವಳ ತುಟಿಯನ್ನೇ ಕಾಯುತ್ತಿದ್ದ.

"ಅಯ್ಯೋ ದೇವರೇ," ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಇನ್ನೂ ಹಂಗೇ ಇದೆಯೇನೋ ನಿಂಗೆ? ಚಿಕ್ಕವನಿದ್ದಾಗ ಮರ ಹತ್ತಿಸಿದ್ರೆ ಹಣ್ಣು ಬಿಟ್ಟು ಕಾಯಿ ಕಿತ್ಕೊಂಡು ಬರ್ತಿದ್ದೆ. ಅದುಮಿ ನೋಡಿಯೇ ಹಣ್ಣು ಅಂತಿದ್ದೆ. ಬೆಳೀತಾ ಸರಿಹೋಯ್ತು ಅಂದ್ಕೊಂಡಿದ್ನಲ್ಲೋ! ಜನ ಬಣ್ಣದಪ್ಪ ಅಂತಾರಲ್ಲೋ ನಿನ್ನ!"

ಗುಬ್ಬಿ ಆಗಲೇ ಓಡುತ್ತಿದ್ದಳು.

ಅಂಗಡಿ ಬೀದಿಯ ತುದಿಯಲ್ಲಿತ್ತು. ಒಳಗೆ ಬಿಸಿನೀರಿನ ಆವಿ, ಒದ್ದೆ ಗರಿಯ ವಾಸನೆ. ಬುಟ್ಟಿ ಮೂಲೆಯಲ್ಲಿತ್ತು, ಕೋಳಿಗಳು ಅದರಲ್ಲಿ ಗುಜುಗುಡುತ್ತಿದ್ದವು. ಅವಳ ಕಣ್ಣು ಅಲ್ಲಿಗೆ ಹೋಗುವ ಮುಂಚೆ ಹಲಗೆಯ ಕೆಳಗಿನ ಬಕೆಟ್ಟಿಗೆ ಹೋಯಿತು. ಜೇನಿನ ಬಣ್ಣದ ಗರಿ. ಬಿಳಿಯ ಅಂಚು ನೀರಿಗೆ ಅಂಟಿಕೊಂಡು ಗೆರೆಯೇ ಇಲ್ಲದಂತಾಗಿತ್ತು. ಅದರ ಮೇಲೆ, ದಾರದ ಸಮೇತ, ಒಂದು ಕಾಲು.

"ಮಾಮ," ಅಂದಳು.

"ಏನಮ್ಮ? ಬೆಳಗ್ಗೇನೇ ಒಂದು ಮನೆಯವರು ದೊಡ್ಡದು ಬೇಕು ಅಂದ್ರು, ಅವನನ್ನೇ ಮೊದಲು ತೆಗೆದೆ." ಅವಳ ಮುಖ ನೋಡಿ ಅವನ ಕತ್ತಿ ಅರ್ಧಕ್ಕೆ ನಿಂತಿತು. "ಹಸಿರು ನನಗೆ, ಕೆಂಪು ನಿಮಗೆ. ನಿಮ್ಮಮ್ಮ ಮಾಡಿಟ್ಟ ಗುರುತು. ನಾನೇನಾದ್ರೂ ತಪ್ಪು ಮಾಡಿದ್ನಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಆಡಿಸುತ್ತಲೇ ಇದ್ದಳು, ನಿಲ್ಲಿಸುವುದು ತಿಳಿಯಲಿಲ್ಲ.

"ದಾರ ಅದಲುಬದಲಾಗಿದೆ," ಅಂದಳು ಕೊನೆಗೆ.

"ಅಯ್ಯೋ. ಮಿಕ್ಕಿದ್ದರಲ್ಲಿ ಯಾವುದು ಬೇಕೋ ನೋಡಿ ತಗೊಂಡು ಹೋಗು ತಾಯಿ. ನಿಂಗೆ ಗೊತ್ತಾಗುತ್ತಲ್ಲ."

ಅವಳು ಬುಟ್ಟಿಯ ಮುಂದೆ ಕುಕ್ಕರಿಸಿದಳು. ಒಂದು ಕೋಳಿಯನ್ನು ಎತ್ತಿ, ಅಭ್ಯಾಸದಂತೆ ತಲೆಯೆತ್ತಿ ಮಾಂಸದಂಗಡಿಯವನ ಮುಖ ನೋಡಿದಳು. ಮೀಸೆಯ ಮೇಲೆ ಒಂದು ಪುಟ್ಟ ಗರಿ ಅಂಟಿತ್ತು. ಆ ಮುಖಕ್ಕೆ ಎಲ್ಲಾ ಕೋಳಿಯೂ ಕೋಳಿಯೇ. ಅಲ್ಲಿ ಓದುವುದಕ್ಕೆ ಏನೂ ಸಿಗದೆ, ಬೇರೆ ದಾರಿ ಕಾಣದೆ, ಅವಳು ಕೈಲಿದ್ದ ಕೋಳಿಯನ್ನು ನೋಡಿದಳು.

ಹೆಗಲ ಮೇಲೆ ತುಕ್ಕಿತ್ತು. ಇಟ್ಟಿಗೆ ಪುಡಿ ಚೆಲ್ಲಿದಷ್ಟು ಸ್ಪಷ್ಟವಾಗಿ. ಇನ್ನೊಂದನ್ನು ಎತ್ತಿದಳು, ಅದಕ್ಕೂ ಇತ್ತು. ಆಮೇಲೊಂದು ಎಳೆಯ ಹುಂಜ. ಜುಟ್ಟು ಎರಡು ಹೋಳಾಗಿ ಒಂದು ಕಡೆಗೆ ಸೊಟ್ಟ ಬಿದ್ದಿತ್ತು. ಮೊನ್ನೆ ಅಪ್ಪನ ಹೆಬ್ಬೆರಳು ಆ ಜುಟ್ಟನ್ನು ಮುಟ್ಟಿ ತಟ್ಟನೆ ಹಿಂದೆ ಸರಿದದ್ದು ಕಂಡು ಅವಳೇ "ಬೇಡ" ಅಂದಿದ್ದಳು. ಈಗ ರೆಕ್ಕೆ ಬಿಡಿಸಿ ಬಾಗಿಲ ಬೆಳಕಿಗೆ ಹಿಡಿದಳು. ಬುಡದಿಂದ ತುದಿಯವರೆಗೆ ಜೇನು, ಅಂಚಿಗೆ ಬಿಳಿ. ಒಂದು ಚುಕ್ಕೆ ಕೆಂಪಿಲ್ಲ. ಇಷ್ಟು ದಿನ ಇದು ಅವಳ ಕಣ್ಣೆದುರಿಗೇ ಓಡಾಡಿಕೊಂಡಿತ್ತು.

ಅದನ್ನೂ, ಕಳಂಕವಿಲ್ಲದ ಇನ್ನೆರಡು ಹೇಂಟೆಗಳನ್ನೂ ಎತ್ತಿಕೊಂಡು ಮನೆಗೆ ಬಂದಳು. ಮಾಂಸದಂಗಡಿಯವನು ಕಾಗದದಲ್ಲಿ ಸುತ್ತಿ ಏನೋ ಕೊಡಲು ಬಂದ, ಅವಳು ಕೈ ಚಾಚಲಿಲ್ಲ.

ಅಪ್ಪ ಮುಕ್ಕಾಲಿಯ ಮೇಲೆ ಹಾಗೇ ಕೂತಿದ್ದ, ಡಬ್ಬಿ ತೊಡೆಯ ಮೇಲೆ. ದೊರೆಯ ವಿಷಯ ಅವನು ಕೇಳಲಿಲ್ಲ. ಅವಳ ತೋಳಿನಲ್ಲಿ ದೊರೆ ಇಲ್ಲದ್ದು ಬಣ್ಣ ತಿಳಿಯದವನಿಗೂ ಕಾಣುತ್ತಿತ್ತು.

"ನಿಮ್ಮಮ್ಮನಿಗೆ ಮದುವೆಯಾದ ವಾರಕ್ಕೇ ಗೊತ್ತಾಯ್ತು," ಅಂದ ನೆಲ ನೋಡುತ್ತಾ. "ಯಾರಿಗೂ ಹೇಳಲಿಲ್ಲ. ನೀವು ಹಿಡ್ಕೊಳ್ಳಿ, ನಾನು ನೋಡ್ತೀನಿ ಅಂದಳು. ಜುಟ್ಟು, ಎಲುಬು, ಭಾರ ನನ್ನ ಕೈಗೆ ತಿಳಿಯುತ್ತೆ. ಬಣ್ಣ ಅವಳದು. ನೀನು ಅವಳ ಮಗಳಲ್ವಾ ಅಂತ... ನಿನ್ನ ಬಾಯಲ್ಲಿ ಬಂದಿದ್ದನ್ನೇ ನಂಬಿದೆ, ಗುಬ್ಬಿ. ನೀನು ಒಂದ್ಸಲಾನೂ ತಡವರಿಸಲಿಲ್ಲ."

ಗುಬ್ಬಿಯ ತೋಳಿನಲ್ಲಿ ಹುಂಜ ಮಿಸುಕಿತು.

"ನಾನು ನಿನ್ನ ಮುಖ ನೋಡಿ ಹೇಳ್ತಿದ್ದೆ, ಅಪ್ಪ."

"ಅಂದ್ರೆ?"

"ನಿನಗೆ ಇಷ್ಟ ಆಗಿದ್ದನ್ನ ಚೆನ್ನಾಗಿದೆ ಅಂತಿದ್ದೆ. ನೀನು ಪರೀಕ್ಷೆ ಮಾಡ್ತಿದೀಯ ಅಂದ್ಕೊಂಡಿದ್ದೆ. ಕೋಳಿ ನೋಡ್ತಾನೇ ಇರಲಿಲ್ಲ."

ಅಪ್ಪನ ತೊಡೆಯಿಂದ ಡಬ್ಬಿ ಜಾರಿತು. ದುಂಡು ಡಬ್ಬಿಯಾದ್ದರಿಂದ ಉರುಳಿಕೊಂಡು ಗೋಡೆಯವರೆಗೂ ಹೋಯಿತು, ದಾರಗಳನ್ನು ಚೆಲ್ಲುತ್ತಾ. ಯಾರೂ ಎತ್ತಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅತ್ತೆ ಒಮ್ಮೆ ತಮ್ಮನನ್ನು, ಒಮ್ಮೆ ಗುಬ್ಬಿಯನ್ನು ನೋಡಿದಳು.

"ಹಂಗಾದ್ರೆ ಇಷ್ಟು ದಿನ ಆರಿಸಿದ್ದು ಯಾರು?"

ಗೂಡಿನ ಕಡೆಯಿಂದ ಒಂದು ಹುಂಜ ಕೂಗಿತು. ಅತ್ತೆಗೆ ನಗು ಬರುವ ಹಾಗಾಗಿ, ಮರುಗಳಿಗೆ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಪ್ಪ ಎರಡು ಕೈಯನ್ನೂ ಮಂಡಿಯ ಮೇಲೆ ಇಟ್ಟುಕೊಂಡು, ಅವು ಯಾರದ್ದೋ ಎಂಬಂತೆ ನೋಡುತ್ತಾ ಕೂತಿದ್ದ. ಅವನು ಮೇಲೆದ್ದದ್ದು ಬಿಸಿಲು ಕಿಟಕಿ ಬಿಟ್ಟು ಹಿತ್ತಲಿಗೆ ಹೊರಳಿದ ಮೇಲೆ.

ಮುಕ್ಕಾಲಿಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದ. ಗೋಡೆಯ ಕಡೆಗೆ ಮುಖ, ಬಿಸಿಲಿಗೆ ಬೆನ್ನು ಮಾಡಿ ಕೂತ. ಕೆಂಪು ದಾರ ಕಟ್ಟಿದ್ದನ್ನೆಲ್ಲ ತಂದು ಕೊಡು ಎಂದು ಅಕ್ಕನಿಗೆ ಹೇಳಿದ. ಅತ್ತೆ ಒಂದೊಂದಾಗಿ ತಂದು ಕೊಟ್ಟಳು. ಮೊದಲು ಬಂದದ್ದು ಆ ಹೂಕೋಸಿನಂಥ ಜುಟ್ಟಿನ ಹುಂಜ. ಅಪ್ಪನ ಹೆಬ್ಬೆರಳು ಅದನ್ನು ಗುರುತು ಹಿಡಿದಿರಬೇಕು, ಬುಡದಲ್ಲಿ ಒಂದು ಸುತ್ತು ತಿರುಗಿ ಅಲ್ಲೇ ನಿಂತಿತು. ಆಮೇಲೆ ಅವನು ಹುಂಜವನ್ನು ಎರಡೂ ಕೈಯಲ್ಲಿ ಎತ್ತಿ, ಹೆಗಲ ಮೇಲಿಂದ ಹಿಂದಕ್ಕೆ, ಬೆಳಕಿಗೆ ಹಿಡಿದ.

"ಹೇಳು."

ಗುಬ್ಬಿಗೆ ಕಂಡದ್ದು ಬೆನ್ನು ಮಾತ್ರ. ಬೆವರಿಗೆ ಅಂಟಿದ ಅಂಗಿ, ಕತ್ತಿನ ಹಿಂದೆ ನರೆತ ಕೂದಲು. ಮೇಷ್ಟರ ಬೆನ್ನಿನ ಹಾಗೇ ಇದರಲ್ಲೂ ಓದುವುದಕ್ಕೆ ಏನೂ ಇರಲಿಲ್ಲ. ಹತ್ತಿರ ಹೋಗಬೇಕಿತ್ತು. ಹಿಂದಿನಿಂದ ಹೋಗುತ್ತಿದ್ದುದರಿಂದ, ತನಗೇ ಗೊತ್ತಿಲ್ಲದೆ, "ಬಂದೆ, ಬಂದೆ" ಅಂದಳು. ಅಪ್ಪನ ಹೆಗಲು ಸ್ವಲ್ಪ ಸಡಿಲವಾಯಿತು.

ಅವಳು ರೆಕ್ಕೆ ಬಿಡಿಸಿದಳು. ನೋಡಿದಳು.

ಹೆಗಲ ಮೇಲೆ ತುಕ್ಕಿತ್ತು.

"ಬೇಡ."

ಅಪ್ಪ ತಿರುಗಲಿಲ್ಲ. ಕೈ ಕೂಡಲೇ ಕೆಳಗಿಳಿಯಲೂ ಇಲ್ಲ. ಎತ್ತಿ ಹಿಡಿದ ಹುಂಜದ ಜುಟ್ಟು ಗಾಳಿಗೆ ಒಂದು ಕಡೆಗೆ ಬಾಗಿ, ಅದರ ಕೆಳಗೆ ಮುಚ್ಚಿಹೋಗಿದ್ದ ದುಂಡು ಕಣ್ಣು ಹೊರಗೆ ಬಂದು, ಬಿಸಿಲಿಗೆ ಒಮ್ಮೆ ರೆಪ್ಪೆ ಬಡಿಯಿತು.