ನನ್ನ ಬಾಯಿಗೆ ನನ್ನದೇ ದನಿ

ಮೂವತ್ತು ಮೂವತ್ತೈದು ವರ್ಷದ ಹಿಂದೆ ವಡಾಲದ ನಮ್ಮ ಹೋಟೆಲಿನಲ್ಲಿ ಒಂದು ಹಿಂದಿ ಪ್ರೇಮಕಥೆಯ ಶೂಟಿಂಗ್ ನಡೆಯಿತು. ಹೋಟೆಲ್ ಯಜಮಾನಿಯ ಪಾತ್ರದವಳು ಕೈಕೊಟ್ಟಳು. ಗಲ್ಲಾದಲ್ಲಿ ಕೂತಿದ್ದ ನನ್ನನ್ನೇ ನಿರ್ದೇಶಕರು ಎಬ್ಬಿಸಿ ನಿಲ್ಲಿಸಿದರು. ಮನೆ ಬಿಟ್ಟು ಬಂದ ನಾಯಕಿ ಮೂಲೆಯ ಟೇಬಲ್ಲಿನಲ್ಲಿ ಅಳುತ್ತ ಕೂತಿರುತ್ತಾಳೆ. ನಾನು ತಟ್ಟೆ ಇಟ್ಟು, "ಪೆಹಲೇ ಖಾ ಲೇ ಬೇಟಿ, ರೋನಾ ಬಾದ್ ಮೇಂ" ಅನ್ನಬೇಕು. ಮೊದಲು ತಿನ್ನು, ಅಳು ಆಮೇಲೆ. ಅಂದೆ. ಚೆನ್ನಾಗಿಯೇ ಅಂದೆ, ಅದರಲ್ಲಿ ನನಗೆ ಅನುಮಾನವಿಲ್ಲ.

ಸಿನಿಮಾ ಬಂದಾಗ ನೋಡಿದರೆ ಮುಖ ನನ್ನದು, ದನಿ ಯಾರದೋ. "ಅಯ್ಯಯ್ಯೋ ಜೀ, ತುಮ್ ಖಾತಾ ಜೀ!" ಎಂದು ಮೂಗಿನಲ್ಲಿ ಎಳೆಯುವ ದನಿ. ಥಿಯೇಟರಿಗೆ ಥಿಯೇಟರೇ ಬಿದ್ದು ಬಿದ್ದು ನಕ್ಕಿತು. ಈ ಊರಿಗೆ ದಕ್ಷಿಣದವರೆಲ್ಲ ಮದ್ರಾಸಿಗಳು, ಮದ್ರಾಸಿಗಳೆಲ್ಲ ಹೀಗೇ ಮಾತಾಡುವವರು! ಘಾಟ್ಕೋಪರಿನ ನಮ್ಮ ಬಿಲ್ಡಿಂಗಿನಲ್ಲಿ ಇವತ್ತಿಗೂ ನಾನು ಅಯ್ಯಯ್ಯೋ ಆಂಟಿಯೇ. ಇಷ್ಟು ವರ್ಷ ನಾನೂ ನಕ್ಕು ಸುಮ್ಮನಾದೆ. ಒಳಗೆ ಉರಿಯುತ್ತಿತ್ತು.

ಈ ವರ್ಷ ಅದನ್ನು ಮತ್ತೆ ಬಿಡುಗಡೆ ಮಾಡಲು ಹೊರಟರು. ನನ್ನ ದೃಶ್ಯದ ಧ್ವನಿ ಹಾಳಾಗಿತ್ತಂತೆ, ಡಬ್ ಮಾಡಲು ನನ್ನನ್ನೇ ಪವಾಯಿಯ ಸ್ಟುಡಿಯೋಗೆ ಕರೆಸಿದರು. ಅಲ್ಲಿ ಕೆಲಸ ನೋಡಿಕೊಳ್ಳುವವನು ಸೃಜನ್. ಮಂಗಳೂರು ಕಡೆಯವರ ಮಗ, ಹುಟ್ಟಿದ್ದು ಬೆಳೆದದ್ದು ಇಲ್ಲೇ.

"ವಿನೋದಿನಿ ಆಂಟಿ, ಆ ಅಯ್ಯಯ್ಯೋ ಬೇಕೇ ಬೇಕು. ಪಬ್ಲಿಕ್‌ಗೆ ವಹೀ ಯಾದ್ ಹೈ, ಅದೊಂದೇ ನೆನಪಿರೋದು."

"ನಿನ್ನ ಮನೆಯಲ್ಲಿ ಯಾರು ಮಾರಾಯ ಹಾಗೆ ಮಾತಾಡುವುದು?"

ಅವನು ಹಲ್ಲು ಕಿರಿದ. "ಕೋಯಿ ನಹೀ. ಆದ್ರೆ ಕಾಮೆಡಿ ಸೀನ್ ಅಲ್ವಾ? ನೀವು ಮಾಡದಿದ್ರೆ ಬೇರೆ ಆರ್ಟಿಸ್ಟ್ ಕರೀಬೇಕಾಗ್ತದೆ."

ಮತ್ತೆ ನನ್ನ ಬಾಯಿಗೆ ಬೇರೆಯವರ ದನಿ! ಪಿತ್ತ ನೆತ್ತಿಗೇರಿತು.

"ಕರಿ. ಮೊದಲು ನಂದೊಂದು ರೆಕಾರ್ಡ್ ಮಾಡು. ಕೇಳಿ ನಿಂಗೆ ನಗು ಬಂದ್ರೆ, ಆ ಅಯ್ಯಯ್ಯೋ ನಾನೇ ಹೇಳಿಕೊಡ್ತೇನೆ."

ಪರದೆಯ ಮೇಲೆ ಹರೆಯದ ನಾನು ತಟ್ಟೆ ಹಿಡಿದು ಬಂದೆ. ತುಟಿ ಅಲುಗಿದ ಹಾಗೆ ಮಾತು ತಾನಾಗಿ ಬಂತು. ದನಿ ಏರಿಸಲಿಲ್ಲ. ಹಸಿದು ಬಂದವರ ಹತ್ತಿರ ದಿನಾ ಹೇಗೆ ಮಾತಾಡುತ್ತಿದ್ದೆನೋ ಹಾಗೇ ಮಾತಾಡಿದೆ.

ಗಾಜಿನ ಆಚೆ ಸೃಜನ್ ನಗಲಿಲ್ಲ. ಇನ್ನೊಮ್ಮೆ ಹಾಕಿ ಕೇಳಿದ.

"ಆಂಟಿ, ಇದು ಕಾಮೆಡಿ ಸೀನೇ ಅಲ್ಲ."

"ಹುಡುಗಿ ಮನೆ ಬಿಟ್ಟು ಬಂದಿದ್ದಾಳೆ. ಕಾಮೆಡಿ ಎಲ್ಲಿಂದ ಬರ್ತದೆ?"

ನನ್ನ ದನಿಯೇ ಉಳಿಯಿತು.

ಬಿಡುಗಡೆಯ ದಿನ ಮೊಮ್ಮಗಳು ಯಕ್ಷಿತಾಳ ಜೊತೆ ಹೋದೆ. ಬಿಲ್ಡಿಂಗಿನವರೆಲ್ಲ ಹಿಂದಿನ ಸಾಲಿನಲ್ಲಿದ್ದರು, ನಗಲು ತಯಾರಾಗಿ. ನನ್ನ ದೃಶ್ಯ ಬಂತು. ತಟ್ಟೆ ಇಟ್ಟೆ, ಮಾತು ಹೇಳಿದೆ. ಒಬ್ಬರೂ ನಗಲಿಲ್ಲ. ನಾಯಕಿ ಅಳುತ್ತಲೇ ತುತ್ತು ಬಾಯಿಗಿಟ್ಟಾಗ ಹಿಂದೆ ಯಾರೋ ಮೂಗೆಳೆದುಕೊಂಡರು. ನನಗೆ ಎಷ್ಟು ಖುಷಿಯಾಯಿತೆಂದರೆ ಎದ್ದು ನಿಂತು ಎಲ್ಲರನ್ನೂ ಒಮ್ಮೆ ತಿರುಗಿ ನೋಡೋಣ ಅನ್ನಿಸಿತು.

ಯಕ್ಷಿತಾ ನನ್ನ ತೋಳು ಹಿಡಿದಳು. "ಅಜ್ಜಿ, ನಿಮಗೆ ಆಕ್ಟಿಂಗ್ ಬರ್ತದೆ! ಸಚ್ಚೀ!"

"ಆವಾಗಲೂ ಬರ್ತಿತ್ತು ಮಗಾ," ಅಂದೆ. "ನಿಮಗೆ ಯಾರಿಗೂ ಕೇಳಿಸಿರಲಿಲ್ಲ, ಅಷ್ಟೆ."